ಹೊರಗೆ ಹಚ್ಚಲು ಮಾತ್ರ

ಜನವರಿ ೧೪

ಅಣ್ಣ,

ಲಕೋಟೆ ಮೇಲಿನ ಅಕ್ಷರ ನೋಡಿದ ಕೂಡಲೇ ಇದು ಯಾರದ್ದು ಅಂತ ನಿನಗೆ ಗೊತ್ತಾಗಿರುತ್ತೆ. ಇಷ್ಟು ದಪ್ಪ ದಪ್ಪ ಬರೆಯೋರು ಒಂದೋ ಒಂದನೇ ಕ್ಲಾಸಿನ ಮಕ್ಕಳು, ಇಲ್ಲಾ ನಿನ್ನ ತಂಗಿ.

ಹನ್ನೊಂದು ವರ್ಷ ಆಯ್ತು. ಅಪ್ಪ ಹೋದರು ಅಂತ ನೀನು ಹಾಕಿದ ಕಾರ್ಡು ನನ್ನ ಕೈಗೆ ಬರುವಾಗ ಎಲ್ಲ ಮುಗಿದು ಆರು ದಿನ ಆಗಿತ್ತು. ಆಮೇಲೆ ನಾನು ಬರೆಯಲಿಲ್ಲ, ನೀನೂ ಬರೆಯಲಿಲ್ಲ. ಈಗ ಅದನ್ನು ಕೆದಕೋಕೆ ಕೂತಿಲ್ಲ. ನಿನ್ನಿಂದ ಒಂದು ಕೆಲಸ ಆಗಬೇಕು.

ನಾನು ದೆವ್ವ ಭೂತದ ಕಥೆ ಬರೀತೀನಿ ಅನ್ನೋದು ಹೇಗೋ ನಿನ್ನ ಕಿವಿಗೆ ಬಿದ್ದಿರಬೇಕು. ಐದು ಪುಸ್ತಕ ಆಗಿವೆ. ಆರನೇದರಲ್ಲಿ ಒಬ್ಬ ಲಿಫ್ಟಿನ ಕೆಳಗಿನ ಗುಂಡಿಯಲ್ಲಿ ಸಿಕ್ಕಿಹಾಕಿಕೊಳ್ತಾನೆ. ಮೇಲಿನಿಂದ ಲಿಫ್ಟು ಇಳಿದು ಬರ್ತಾ ಇದೆ. ಅವನಿಗೆ ಮೊದಲು ಏನು ಕೇಳಿಸುತ್ತೆ? ಏನು ಕಾಣಿಸುತ್ತೆ? ಬದುಕೋಕೆ ಸಾಧ್ಯ ಇದೆಯಾ? ಇಪ್ಪತ್ತೈದು ವರ್ಷದಿಂದ ಲಿಫ್ಟು ರಿಪೇರಿ ಮಾಡೋ ಅಣ್ಣ ಇದ್ದೂ ಊಹೆ ಮಾಡಿ ಬರೆದರೆ ನಾಚಿಕೆಗೇಡು.

ಫೋನ್ ಮಾಡಬಹುದಿತ್ತು. ಫೋನಿನಲ್ಲಿ ನೀನು 'ಹೂಂ' ಬಿಟ್ಟು ಬೇರೆ ಅಕ್ಷರ ಖರ್ಚು ಮಾಡೋನಲ್ಲ. ಅದಕ್ಕೇ ಪತ್ರ. ಉತ್ತರ ಬರೆದರೆ ಸಾಲುಗಳ ಮಧ್ಯೆ ಜಾಗ ಬಿಟ್ಟು, ಅಕ್ಷರ ದೊಡ್ಡದಾಗಿ ಬರಿ. ಯಾಕೆ ಅಂತ ನಿನಗೆ ಹೇಳಬೇಕಾಗಿಲ್ಲ.

ನಿನ್ನ,
ಇಲಿ


ಜನವರಿ ೨೯

ಇಲಿ,

ಪತ್ರ ಬಂತು. ಒತ್ತಕ್ಷರ ಎರಡು ಕಡೆ ತಪ್ಪಿದೆ. ಪರವಾಗಿಲ್ಲ.

ಗುಂಡಿಯಲ್ಲಿ ಮೊದಲು ಬರೋದು ಶಬ್ದ ಅಲ್ಲ, ಗಾಳಿ. ಲಿಫ್ಟು ಇಳಿಯುವಾಗ ಆ ಬಾವಿಯೊಳಗಿನ ಗಾಳಿಯನ್ನೆಲ್ಲ ಕೆಳಕ್ಕೆ ತಳ್ಳಿಕೊಂಡು ಬರುತ್ತೆ. ನೆತ್ತಿ ಮೇಲೆ ಯಾರೋ ಬಾಯಿ ತೆರೆದು ಉಸಿರು ಬಿಟ್ಟ ಹಾಗಿರುತ್ತೆ. ಆಮೇಲೆ ಹಳಿ ಕಿರುಗುಟ್ಟುತ್ತೆ. ಲಿಫ್ಟಿಗೆ ಸರಿತೂಗೋಕೆ ಹಗ್ಗದ ಇನ್ನೊಂದು ತುದಿಗೆ ಕಬ್ಬಿಣದ ಗಟ್ಟಿಗಳನ್ನು ಕಟ್ಟಿರ್ತೀವಿ. ಲಿಫ್ಟು ಕೆಳಗೆ ಬರುವಾಗ ಅದು ನಿನ್ನ ಪಕ್ಕದಲ್ಲೇ ಮೇಲಕ್ಕೆ ಹೋಗುತ್ತೆ, ಸದ್ದೇ ಮಾಡದೆ. ತಳದಲ್ಲಿ ದೊಡ್ಡ ಸ್ಪ್ರಿಂಗು ಇರುತ್ತೆ. ಮೂಲೆಯಲ್ಲಿ ಕುಕ್ಕರಗಾಲಲ್ಲಿ ಮುದುರಿ ಕೂತರೆ ಮನುಷ್ಯ ಉಳಿಯುತ್ತಾನೆ. ಅಷ್ಟು ಜಾಗ ಬಿಟ್ಟೇ ಕಟ್ಟಿರ್ತಾರೆ. ಎದ್ದು ನಿಂತನೋ, ಮುಗೀತು. ಭಯ ಬಿದ್ದವರು ಎದ್ದು ನಿಲ್ತಾರೆ, ಅದೇ ಕಷ್ಟ.

ಗುಂಡಿ ಗುಡಿಸುವಾಗ ಬೀಗದ ಕೈ, ಬಾಚಣಿಗೆ, ಮಗುವಿನ ಒಂಟಿ ಚಪ್ಪಲಿ ಸಿಗುತ್ತವೆ. ಒಂದು ಸಲ ಹಲ್ಲಿನ ಸೆಟ್ಟು ಸಿಕ್ಕಿತ್ತು. ನಾಲ್ಕು ಮಹಡಿ ಬಾಗಿಲು ತಟ್ಟಿ ಕೇಳಿದೆ, ಒಬ್ಬರೂ ನಮ್ಮದು ಅಂತ ಬಾಯಿ ಬಿಡಲಿಲ್ಲ. ಬೇಕಾದರೆ ಬರ್ಕೋ.

ಕಾರ್ಡು ತಡ ಆಗಿದ್ದಕ್ಕೆ ಅಂಚೆಯವರನ್ನ ಕೇಳು.

ನಿನ್ನ ಅತ್ತಿಗೆ ನಿನ್ನ ಐದೂ ಪುಸ್ತಕ ಓದಿದ್ದಾಳೆ. ನಾನು ಒಂದೂ ಓದಿಲ್ಲ. ಹಗಲೆಲ್ಲ ಕತ್ತಲೆ ಬಾವಿಯಲ್ಲಿ ತಲೆ ತೂರಿಸೋನಿಗೆ ಮನೆಗೆ ಬಂದ ಮೇಲೂ ಅದೇ ಯಾಕೆ? ಅವಳು ಒಂದು ಪ್ರಶ್ನೆ ಕೇಳ್ತಾಳೆ, ನನಗೆ ಉತ್ತರ ಗೊತ್ತಿಲ್ಲ. ಒಂದು ಸಾಲು ಓದೋಕೆ ಬೆವರು ಸುರಿಸ್ತಿದ್ದ ಹುಡುಗಿ ಬರೆಯೋಳು ಹೇಗಾದಳು ಅಂತ.

ಅಣ್ಣ


ಫೆಬ್ರವರಿ ೨೦

ಅಣ್ಣ,

ಆ ಗಾಳಿಯ ವಿಷಯ ಓದಿ ಮೈ ಜುಮ್ಮೆಂದಿತು. ಇಷ್ಟು ಚೆನ್ನಾಗಿ ಹೆದರಿಸೋಕೆ ಬರೋನು ಸ್ಪ್ಯಾನರ್ ಹಿಡ್ಕೊಂಡು ಜೀವನ ಕಳೆದೆಯಲ್ಲ.

ನಿನ್ನ ಪತ್ರ ಓದೋಕೆ ನನಗೆ ಮುಕ್ಕಾಲು ಗಂಟೆ ಹಿಡೀತು. ಈಗಲೂ ಸಾಲಿನ ಕೆಳಗೆ ಸ್ಕೇಲು ಇಟ್ಟುಕೊಂಡೇ ಓದೋದು. ದಣಿದಾಗ ಈಗಲೂ 'ಮರ' ಅನ್ನೋದು 'ವರ' ಆಗುತ್ತೆ, ಒತ್ತಕ್ಷರಗಳು ಅಕ್ಷರದ ಕಾಲಿಗೆ ಕಚ್ಚಿಕೊಂಡ ಹುಳದ ಹಾಗೆ ಮಿಸುಕಾಡುತ್ತವೆ. ನಲವತ್ತೈದು ವರ್ಷ ಆದರೂ ವಾಸಿಯಾಗಲಿಲ್ಲ. ಇನ್ನು ಆಗೋದೂ ಇಲ್ಲ.

ಅತ್ತಿಗೆಗೆ ಶಾಲೆಯ ವಿಷಯ ಹೇಳು. ಟೀಚರು ಎಬ್ಬಿಸಿ ನಿಲ್ಲಿಸಿದಾಗ ನಾನು ಪುಟದ ಮೂಲೆ ಕಚ್ಚುತ್ತಿದ್ದೆ. ನೀನು 'ಇಲಿ' ಅಂತ ಹೆಸರಿಟ್ಟಿದ್ದು ಅದಕ್ಕೇ. ಆಮೇಲೆ ಉಪಾಯ ಕಂಡುಕೊಂಡೆ. ಪಕ್ಕದ ಹುಡುಗಿ ಓದೋದನ್ನ ಕೇಳಿ ಇಡೀ ಪಾಠ ಬಾಯಿಪಾಠ ಮಾಡಿಬಿಡ್ತಿದ್ದೆ. ನಿಂತು, ಪುಟದ ಮೇಲೆ ಕಣ್ಣು ಓಡಿಸ್ತಾ ಒಪ್ಪಿಸ್ತಿದ್ದೆ. ಒಂದು ದಿನ ಟೀಚರಿಗೆ ಅನುಮಾನ ಬಂದು ಪುಸ್ತಕವನ್ನ ತಲೆಕೆಳಗು ಮಾಡಿ ಕೈಗೆ ಕೊಟ್ಟರು. ನಾನು ಗೊತ್ತಾಗದೆ ಹಾಗೇ ಒಂದು ಪುಟ ಪೂರ್ತಿ ಓದಿ ಮುಗಿಸಿದೆ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಮನೆಗೆ ಬಂದು ಅಮ್ಮನ ಹತ್ತಿರ, ಇವತ್ತು ಎಲ್ಲರಿಗಿಂತ ಚೆನ್ನಾಗಿ ಓದಿದೆ ಅಂದೆ.

ಆಮೇಲೆ ಅಮ್ಮ ಹೋದಳು, ನೀನು ಶುರು ಮಾಡಿದೆ. ಶಾಲೆಯಿಂದ ಬಂದ ತಕ್ಷಣ ಅಡುಗೆಮನೆ ನೆಲದ ತುಂಬ ಸೀಮೆಸುಣ್ಣದಲ್ಲಿ ಅಕ್ಷರ ಬರೆದು, ಅದರ ಮೇಲೆ ಬರಿಗಾಲಲ್ಲಿ ನಡಿ ಅಂತಿದ್ದೆ. ಯಾರು ಹೇಳಿಕೊಟ್ಟರು ನಿನಗೆ ಅದನ್ನು? 'ವ' ಕ್ಕಿಂತ 'ಮ' ಕ್ಕೆ ಕೊನೆಯಲ್ಲಿ ಒಂದು ತಿರುವು ಜಾಸ್ತಿ ಅನ್ನೋದು ಮೊದಲು ನನ್ನ ಪಾದಕ್ಕೆ ಗೊತ್ತಾಯ್ತು, ಆಮೇಲೆ ಕಣ್ಣಿಗೆ. ಎರಡು ವರ್ಷ ಒಂದು ದಿನ ಬಿಡಲಿಲ್ಲ ನೀನು. ಜ್ವರ ಬಂದರೂ ಬಿಡಲಿಲ್ಲ. ಕೆಲವು ಸಲ ನಾನು ತಪ್ಪು ಓದಿದಾಗ ನೀನೇ ಅಳ್ತಿದ್ದೆ.

ಹತ್ತೊಂಬತ್ತಕ್ಕೆ ಮನೆ ಬಿಟ್ಟು ಆಸ್ಪತ್ರೆಯ ಬಟ್ಟೆ ಒಗೆಯೋ ಕಡೆ ಸೇರಿದೆ. ಅಲ್ಲಿ ಹಾಸಿಗೆ ಬಟ್ಟೆ ಮಡಚೋಕೆ ಇಬ್ಬರು ಬೇಕು. ತುದಿ ಹಿಡಿದು ದೂರ ಹೋಗ್ತೀವಿ, ಹತ್ತಿರ ಬಂದು ತುದಿಗೆ ತುದಿ ಸೇರಿಸ್ತೀವಿ, ಮತ್ತೆ ದೂರ. ಯಂತ್ರದ ಗದ್ದಲಕ್ಕೆ ದೂರ ಇದ್ದಾಗ ಮಾತು ಕೇಳಿಸೋದಿಲ್ಲ. ಎದುರಿಗೆ ಇದ್ದವಳಿಗೆ ಹೊತ್ತು ಹೋಗಲಿ ಅಂತ ನಾನು ಕಥೆ ಹೇಳೋಕೆ ಶುರು ಮಾಡಿದೆ. ಹತ್ತಿರ ಬಂದಾಗ ಒಂದು ವಾಕ್ಯ. ದೂರ ಹೋಗುವಾಗ ಅವಳು ಮುಂದೇನು ಅಂತ ಕಣ್ಣು ಬಿಟ್ಟುಕೊಂಡು ನೋಡ್ತಾ ಇರ್ತಿದ್ದಳು. ಹೆದರಿಸೋದು ಹೇಗೆ ಅಂತ ನಾನು ಕಲಿತದ್ದು ಅಷ್ಟೇ. ಒಂದು ವಾರದಲ್ಲಿ ನನ್ನ ಜೊತೆ ಮಡಚೋಕೆ ಹೆಂಗಸರು ಸರದಿ ನಿಲ್ಲೋ ಹಾಗಾಯ್ತು.

ಆಫೀಸಿನ ಟೈಪಿಸ್ಟ್ ಅಕ್ಕ ಒಂದು ದಿನ ಬಾಗಿಲಲ್ಲಿ ನಿಂತು ಕೇಳಿ, ಊಟದ ಬಿಡುವಿನಲ್ಲಿ ನನ್ನನ್ನ ಕೂರಿಸಿ ಹೇಳಿಸಿ ಟೈಪ್ ಮಾಡಿ, ನನಗೂ ಹೇಳದೆ ಒಂದು ವಾರಪತ್ರಿಕೆಗೆ ಕಳಿಸಿಬಿಟ್ಟಳು. ಸಂಪಾದಕರ ಪತ್ರ ಬಂತು. ಯಾರಿಗೂ ತೋರಿಸದೆ ಎರಡು ದಿನ ಕೂತು ನಾನೇ ಓದಿಕೊಂಡೆ. "ನಿಮ್ಮ ವಾಕ್ಯಗಳು ಚಿಕ್ಕವು, ಉಸಿರು ಹಿಡಿದುಕೊಂಡು ಓದಬೇಕಾಗುತ್ತದೆ" ಅಂತಿತ್ತು. ಉದ್ದ ವಾಕ್ಯ ನನಗೇ ಓದೋಕೆ ಬರಲ್ಲ, ಬರೆಯೋದು ಎಲ್ಲಿಂದ! ಇವತ್ತಿಗೂ ರೆಕಾರ್ಡರಿಗೆ ಹೇಳ್ತೀನಿ, ಟೈಪ್ ಮಾಡಿಸ್ತೀನಿ, ಆಮೇಲೆ ಸ್ಕೇಲು ಹಿಡಿದು ತಿದ್ದುತೀನಿ. ಈ ಪತ್ರ ಮಾತ್ರ ನಾನೇ ಕೈಯಾರೆ ಬರೆದದ್ದು. ನಾಲ್ಕು ದಿನ ಹಿಡೀತು.

ಯಾಕೆ ಹೆದರಿಕೆಯ ಕಥೆಯೇ ಅಂತ ಕೇಳಿದರೆ, ಓದೋಕೆ ಬಾರದವಳಿಗೆ ಪ್ರತಿ ಪುಟವೂ ದೀಪ ಇಲ್ಲದ ಕೋಣೆ. ಮುಂದಿನ ಪದ ಏನು ಮಾಡುತ್ತೋ ಗೊತ್ತಿಲ್ಲ. ಕೈ ಚಾಚಿ ತಡವಿಕೊಂಡು ಹೋಗಬೇಕು. ನಾನು ಓದೋರನ್ನ ಸ್ವಲ್ಪ ಹೊತ್ತು ಆ ಕೋಣೆಗೆ ಕರ್ಕೊಂಡು ಬರ್ತೀನಿ, ಅಷ್ಟೆ.

ಇಲಿ


ಮಾರ್ಚ್ ೧೮

ಇಲಿ,

ನೀನು ನಾಲ್ಕು ದಿನ ಕೂತು ಬರೆದ ಮೇಲೆ ನಾನು ಸುಮ್ಮನಿರೋದು ಹೇಗೆ. ಮೊದಲನೇ ಪುಸ್ತಕ ತೆಗೆದೆ. ಆಮೇಲೆ ಐದೂ ಓದಿದೆ. ಕೆಲಸದ ಮೇಲೆ, ಲಿಫ್ಟಿನ ಮೋಟಾರ್ ಕೋಣೆಯಲ್ಲಿ ಕೂತು ಓದಿದ್ದು. ಜೊತೆಯವನು ಬಂದು ಭುಜ ಮುಟ್ಟಿದಾಗ ಕೂಗಿಕೊಂಡೆ. ಅದನ್ನು ಅವನು ಎಲ್ಲರಿಗೂ ಹೇಳಿಕೊಂಡು ತಿರುಗ್ತಾ ಇದ್ದಾನೆ.

ಚೆನ್ನಾಗಿ ಬರೀತೀಯ. ನನಗೆ ಹೊಗಳೋಕೆ ಬರಲ್ಲ, ಇಷ್ಟೇ.

ಒಂದು ಮಾತು ಕೇಳಬೇಕು. ಮೊದಲನೇದರಲ್ಲಿ ಹುಡುಗಿ ಅಜ್ಜನಿಗೆ ನೀರು ತಂದುಕೊಡ್ತಾಳೆ. ಎರಡನೇದರಲ್ಲಿ ಬೀಗದ ಕೈ ತಂದುಕೊಡ್ತಾಳೆ. ಇನ್ನೊಂದರಲ್ಲಿ ಬರೀ ಒಂದು ಕಂಬಳಿ. ಐದರಲ್ಲೂ ಒಂದು ಮಗು ದೊಡ್ಡವರಿಗೆ ಏನನ್ನೋ ತಂದು ಕೈಗೆ ಕೊಡುತ್ತೆ, ಅವರು ಸಾಯ್ತಾರೆ. ಅತ್ತಿಗೆ ಇದನ್ನು ಗಮನಿಸಿಲ್ಲ. ನಾನು ಗಮನಿಸಿದೆ.

ಇದಕ್ಕೆ ಉತ್ತರ ಬರೆಯದೆ ಹೋದರೂ ಸರಿ.

ಅಣ್ಣ


ಏಪ್ರಿಲ್ ೯

ಅಣ್ಣ,

ಬರೀತೀನಿ. ಹೇಗಿದ್ದರೂ ಆರನೇ ಪುಸ್ತಕದ ಕೊನೆ ಕಥೆ ಅದೇ. ಅದರಲ್ಲಿ ಭೂತ ಇಲ್ಲ. ಅಚ್ಚಾಗೋ ಮೊದಲು ನಿನಗೆ ಹೇಳಬೇಕು ಅಂತಲೇ ಇದ್ದೆ. ಲಿಫ್ಟಿನ ಪ್ರಶ್ನೆ ಬರೀ ನೆಪ ಅಂತ ನಿನಗೂ ಅನ್ನಿಸಿರಬಹುದು.

ನನಗೆ ಒಂಬತ್ತು, ನಿನಗೆ ಹದಿನಾಲ್ಕು. ಅಮ್ಮ ಮಂಚ ಹಿಡಿದು ಏಳು ತಿಂಗಳಾಗಿತ್ತು. ಎದ್ದು ಕೂರಬೇಕಾದರೂ ಆಸರೆ ಬೇಕು. ನೀನು ಆ ವರ್ಷ ಶಾಲೆ ಬಿಟ್ಟು ಅವಳ ಹತ್ತಿರ ಇರ್ತಿದ್ದೆ. ಅವತ್ತು ಭಾನುವಾರ. ಅಪ್ಪನಿಗೆ ಕಾರ್ಖಾನೆಯಲ್ಲಿ ಹೆಚ್ಚಿನ ಪಾಳಿ. ನೀನು ಚೆಂಡಾಟಕ್ಕೆ ಓಡುವಾಗ, "ನಾಲ್ಕು ಗಂಟೆಗೆ ಕಿಟಕಿ ಮೇಲಿನ ಔಷಧಿ ಕೊಡು" ಅಂತ ಹೇಳಿ ಹೋದೆ.

ಕಿಟಕಿ ಮೇಲೆ ಎರಡು ಸೀಸೆ ಇತ್ತು. ಎರಡೂ ಕಂದು, ಎರಡರ ಮೇಲೂ ಬಿಳಿ ಚೀಟಿ. ಯಾವುದಮ್ಮಾ ಅಂತ ಕೇಳಬಹುದಿತ್ತು. ಕೇಳಿದರೆ ಓದೋಕೆ ಬರಲ್ಲ ಅಂತ ಗೊತ್ತಾಗಿಬಿಡುತ್ತೆ. ಕ್ಲಾಸಿನಲ್ಲಿ ನಾನೇ ಮುಂದೆ ಅಂತ ಅವಳ ಹತ್ತಿರ ಕೊಚ್ಚಿಕೊಂಡಿದ್ದೆನಲ್ಲ. ಅಂದಾಜಿನ ಮೇಲೆ ಒಂದು ತೆಗೆದುಕೊಂಡು ಹೋದೆ.

ಅಮ್ಮ ಸೀಸೆ ಇಸಿದುಕೊಂಡು ಬೆಳಕಿಗೆ ತಿರುಗಿಸಿ ಹಿಡಿದಳು. ತುಂಬ ಹೊತ್ತು ನೋಡಿದಳು. "ನೀನೇ ಓದಿ ತಂದೆಯಾ?" ಅಂದಳು. ಹೂಂ ಅಂದೆ. "ಸರಿಯಾಗೇ ತಂದಿದ್ದೀಯ, ಮಗಳೇ" ಅಂದಳು. ತಲೆ ಸವರಿದಳು. "ಚಮಚ ಬೇಡ, ಲೋಟ ಕೊಡು. ಕೊಟ್ಟು ಹೊರಗೆ ಹೋಗಿ ಆಡಿಕೋ. ಯಾರಾದರೂ ಕೇಳಿದರೆ ಅಮ್ಮನೇ ಎದ್ದು ತಗೊಂಡಳು ಅನ್ನು. ನೀನು ಕೊಟ್ಟೆ ಅನ್ನಬೇಡ." ನಾನು ಬಾಗಿಲು ಎಳೆದುಕೊಂಡು ಹೋದೆ. ಮೆಟ್ಟಿಲ ಮೇಲೆ ಕುಂಟಾಟ ಆಡ್ತಾ ಇದ್ದೆ.

ಮಾರನೇ ದಿನ ಬೆಳಿಗ್ಗೆ ಅವಳು ಹೋದಳು. ಮೈಗೆ ಹಚ್ಚೋದು ಹೊಟ್ಟೆಗೆ ಹೋಗಿದೆ ಅಂತ ಡಾಕ್ಟರು ಅಪ್ಪನಿಗೆ ಹೇಳೋದು ನನಗೆ ಕೇಳಿಸಿತು. ಅಪ್ಪ ಕೇಳಿದರು, ನೀನೂ ಕೇಳಿದೆ. ಅಮ್ಮನೇ ಎದ್ದು ತಗೊಂಡಳು ಅಂದೆ. ಎದ್ದು ಕೂರೋಕೂ ಆಗದವಳು! ನೀವಿಬ್ಬರೂ ಮತ್ತೆ ಏನೂ ಕೇಳಲಿಲ್ಲ. ಅಪ್ಪ ಅವತ್ತಿನಿಂದ ನನ್ನ ಮುಖ ನೋಡಿ ಊಟ ಮಾಡಲಿಲ್ಲ.

ಪಾಪ, ಅಮ್ಮನಿಗೆ ನನ್ನ ಮೇಲೆ ಅಷ್ಟು ನಂಬಿಕೆ. ಮಗಳು ಓದಿಯೇ ತಂದಿದ್ದಾಳೆ ಅಂತ ಕುಡಿದಳು. ಚಿಕ್ಕ ಹುಡುಗಿಗೆ ಔಷಧಿ ಕೊಡೋಕೆ ಹೇಳಿ ಆಟಕ್ಕೆ ಹೋದ ಅಂತ ಅಪ್ಪ ನಿನ್ನನ್ನ ಬೈದಾರು ಅಂತ ಆ ಸುಳ್ಳು ಹೇಳಿಕೊಟ್ಟಿರಬೇಕು.

ಹನ್ನೊಂದನೇ ವಯಸ್ಸಿನಲ್ಲಿ ಒಂದು ದಿನ ಮೊಳೆ ಹುಡುಕ್ತಾ ಅಪ್ಪನ ಸಲಕರಣೆ ಪೆಟ್ಟಿಗೆ ತೆಗೆದೆ. ತಳದಲ್ಲಿ ಬಟ್ಟೆ ಸುತ್ತಿದ ಆ ಸೀಸೆ ಇತ್ತು. ಅಷ್ಟರಲ್ಲಿ ನೀನು ನನಗೆ ಕಲಿಸಿದ್ದೆ. ಬೆರಳಿಟ್ಟು ಓದಿದೆ. ಹೊರಗೆ. ಹಚ್ಚಲು. ಮಾತ್ರ. ಯಾರೂ ಕೂರಿಸದೆ, ಯಾರೂ ಹೇಳಿಕೊಡದೆ ನಾನು ಓದಿದ ಮೊದಲ ಮೂರು ಪದ ಅವು.

ಅಮ್ಮನನ್ನು ಕೊಂದದ್ದು ನಾನು. ನಿನಗೆ ಮೊದಲಿನಿಂದ ಗೊತ್ತಿತ್ತು. ಅದಕ್ಕೇ ಆ ಎರಡು ವರ್ಷ ಹಠ ಹಿಡಿದು ಕಲಿಸಿದೆ. ಬೈಯದೆ ಇದ್ದಿದ್ದಕ್ಕೆ ಇಷ್ಟು ವರ್ಷ ಆದ ಮೇಲೆ ಥ್ಯಾಂಕ್ಸ್.

ಇಲಿ


ಏಪ್ರಿಲ್ ೧೫

ಇಲಿ,

ಆ ಕಥೆ ಅಚ್ಚಿಗೆ ಕೊಡಬೇಡ. ಕಾರಣ ಕೇಳಬೇಡ. ದೊಡ್ಡವನ ಮಾತು ಒಂದು ಸಲ ಕೇಳು.

ಅಣ್ಣ


ಏಪ್ರಿಲ್ ೨೩

ಅಣ್ಣ,

ಕೊಡ್ತೀನಿ. ಇಡೀ ಜೀವನ ಬಾಯಿ ಮುಚ್ಚಿಕೊಂಡಿದ್ದೀನಿ. ಮನೆ ಮರ್ಯಾದೆ ಅಂತ ಯೋಚನೆ ಮಾಡ್ತಿದ್ದರೆ, ಅಪ್ಪನೂ ಇಲ್ಲ ಅಮ್ಮನೂ ಇಲ್ಲ. ಉಳಿದಿರೋ ಮರ್ಯಾದೆ ನಿನ್ನದು, ನನ್ನದು. ನನ್ನದನ್ನು ನಾನು ಏನು ಬೇಕಾದರೂ ಮಾಡಿಕೊಳ್ತೀನಿ.

ಇಲಿ


ಮೇ ೩೦

ನಾದಿನಿಗೆ,

ನಾನು ನಿನ್ನ ಅತ್ತಿಗೆ. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ನಿನಗೆ ಬರೀತಿರೋ ಮೊದಲ ಪತ್ರ. ನಿನ್ನ ಪುಸ್ತಕದ ವಿಷಯ ಮಾತಾಡೋಕೆ ಎಷ್ಟೋ ಇದೆ, ಇನ್ನೊಂದು ಸಲ.

ಇವರು ಸರಿಯಾಗಿ ಊಟ ಮಾಡ್ತಿಲ್ಲ. ನಿನ್ನ ಉದ್ದ ಪತ್ರ ಬಂದ ದಿನದಿಂದ ಹೀಗೇ. ಅದನ್ನು ಅಂಗಿ ಜೇಬಿನಲ್ಲಿ ಇಟ್ಟುಕೊಂಡೇ ಓಡಾಡ್ತಾರೆ, ಬಟ್ಟೆ ಒಗೆಯೋಕೆ ಹಾಕುವಾಗ ತೆಗೆದು ಇನ್ನೊಂದು ಅಂಗಿಗೆ ಹಾಕಿಕೊಳ್ತಾರೆ. ಹೋದ ವಾರ ಕೆಲಸದಲ್ಲಿ ಮುಖ್ಯ ಸ್ವಿಚ್ಚು ಆರಿಸದೆ ಕೈ ಹಾಕಿಬಿಟ್ಟಿದ್ದರಂತೆ. ಜೊತೆಯವನು ಎಳೆದುಕೊಂಡ. ಇಪ್ಪತ್ತೈದು ವರ್ಷದಲ್ಲಿ ಒಂದು ಸಲವೂ ಇಂಥ ತಪ್ಪು ಮಾಡಿದವರಲ್ಲ.

ಏನಾಯ್ತು ಅಂತ ಕೇಳಿದರೆ, "ಅವಳು ಕೇಳಿದ್ದು ಒಂದು, ಹೇಳಿದ್ದು ಇನ್ನೊಂದು" ಅಂತಾರೆ. ನನಗೆ ತಲೆಬುಡ ಗೊತ್ತಾಗ್ತಿಲ್ಲ. ಏನೋ ಬರೆಯೋಕೆ ಕೂರ್ತಾರೆ, ಹರಿದು ಹಾಕ್ತಾರೆ. ನೀನು ಅವರ ಮೇಲೆ ಕೋಪ ಮಾಡ್ಕೊಂಡಿದ್ದರೆ ಸ್ವಲ್ಪ ದಿನ ಪಕ್ಕಕ್ಕಿಡು. ಪುಸ್ತಕ ಬೇಗ ಬರಲಿ ಅಂತ ಕಾಯೋಳು ನಾನೇ, ಆದರೂ ಹೇಳ್ತಿದ್ದೀನಿ.

ನಿನ್ನ ಅತ್ತಿಗೆ


ಜೂನ್ ೧೯

ಇಲಿ,

ಇದನ್ನು ಏಳು ಸಲ ಬರೆದು ಹರಿದೆ. ಈ ಸಲ ಹರಿಯೋದಿಲ್ಲ ಅಂತ ಅತ್ತಿಗೆಗೆ ಮಾತು ಕೊಟ್ಟಿದ್ದೀನಿ. ಅವಳು ಬಾಗಿಲಲ್ಲಿ ನಿಂತಿದ್ದಾಳೆ.

ಮೊದಲು ನನ್ನ ತಪ್ಪು. ಆ ಹಚ್ಚೋ ಔಷಧಿ ಅಮ್ಮನ ಬೆನ್ನಿಗೆ ದಿನಾ ಹಚ್ಚುತ್ತಿದ್ದವನು ನಾನು. ಅದು ಇರಬೇಕಾದ ಜಾಗ ಮೇಲಿನ ಗೂಡು. ನಿನ್ನ ಕೈಗೆ ಎಟುಕಬಾರದು ಅಂತ. ಅವತ್ತು ಮಧ್ಯಾಹ್ನ ಹಚ್ಚಿ ಮುಗಿಸಿ, ಗೂಡಿಗೆ ಇಡೋಕೆ ಸ್ಟೂಲು ಎಳೆಯಬೇಕಲ್ಲ ಅಂತ ಸೋಮಾರಿತನಕ್ಕೆ ಕಿಟಕಿ ಮೇಲೆ ಇಟ್ಟು ಓಡಿದೆ. ನಾಲ್ಕು ತಿಂಗಳ ಮೇಲೆ ಮೊದಲ ಸಲ ಆಟಕ್ಕೆ ಹೋಗಿದ್ದು. "ಹೋಗೋ, ನಿನ್ನ ಮುಖ ಬಾಡಿದೆ, ಒಂದು ಗಂಟೆ ಆಡಿಕೊಂಡು ಬಾ, ಚಿಕ್ಕವಳು ಇದ್ದಾಳಲ್ಲ" ಅಂತ ಅಮ್ಮನೇ ಕಳಿಸಿದ್ದಳು. ವಾಪಸ್ ಬಂದಾಗ ಅಮ್ಮನಿಗೆ ಎಚ್ಚರ ಇರಲಿಲ್ಲ, ಡಾಕ್ಟರನ್ನ ಕರೆತಂದರೂ ಪ್ರಯೋಜನ ಆಗಲಿಲ್ಲ. ಸೀಸೆ ಮಂಚದ ಕೆಳಗಿತ್ತು. ಏನಾಗಿದೆ ಅಂತ ಒಂದೇ ನೋಟಕ್ಕೆ ಗೊತ್ತಾಯ್ತು. ಓದೋಕೆ ಬಾರದ ನೀನು ತಂದುಕೊಟ್ಟಿದ್ದೀಯ, ಅವಳು ನೋಡದೆ ಕುಡಿದಿದ್ದಾಳೆ, ಸೀಸೆ ಅಲ್ಲಿಟ್ಟವನು ನಾನು. ಅಪ್ಪನಿಗೆ ನಾನಿಟ್ಟೆ ಅಂತ ಹೇಳಲಿಲ್ಲ. ನೀನು ತಪ್ಪಿಸಿಕೊಳ್ಳೋಕೆ ಸುಳ್ಳು ಹೇಳ್ತಿದ್ದೀಯ ಅಂತ ಗೊತ್ತಿದ್ದೂ ಸುಮ್ಮನಿದ್ದೆ. ನಿನ್ನ ಹಿಂದೆ ಬಚ್ಚಿಟ್ಟುಕೊಂಡೆ. ಅಡುಗೆಮನೆಯಲ್ಲಿ ಎರಡು ವರ್ಷ ಕಲಿಸಿದ್ದು ಅದಕ್ಕೆ. ನೀನು ಅದನ್ನು ಶಿಕ್ಷೆ ಅಂದುಕೊಂಡೆ. ಶಿಕ್ಷೆ ಹೌದು, ಯಾರಿಗೆ ಅನ್ನೋದಷ್ಟೇ ಬೇರೆ.

ಇಲ್ಲಿಯವರೆಗೆ ನನಗೆ ಗೊತ್ತಿದ್ದದ್ದು ಇಷ್ಟು. ನಿನ್ನ ಪತ್ರ ಓದಿದ ಮೇಲೆ ಉಳಿದದ್ದು ಗೊತ್ತಾಯ್ತು.

ಅಮ್ಮ ಸೀಸೆ ಬೆಳಕಿಗೆ ಹಿಡಿದಳು ಅಂತ ಬರೆದಿದ್ದೀಯ. ತುಂಬ ಹೊತ್ತು ನೋಡಿದಳು ಅಂತ ಬರೆದಿದ್ದೀಯ. ಇದು ನನಗೆ ಯಾರೂ ಹೇಳಿರಲಿಲ್ಲ. ಇಲಿ, ಅಮ್ಮನ ಕಣ್ಣು ಚೆನ್ನಾಗಿತ್ತು. ಅವತ್ತು ಬೆಳಿಗ್ಗೆ ಪತ್ರಿಕೆಯ ಸಣ್ಣ ಅಕ್ಷರದ ಜಾಹೀರಾತು ಓದಿ ನನ್ನನ್ನ ನಗಿಸಿದ್ದಳು. ಆ ಚೀಟಿಯನ್ನು ಮೊದಲ ದಿನವೇ ಓದಿ, ಗೂಡಿನಲ್ಲಿಡು ಅಂತ ನನಗೆ ಹೇಳಿದವಳು ಅವಳೇ. ಓದೋದು ಬಿಡು, ಅದರ ಮುಚ್ಚಳ ತೆಗೆದರೆ ಬೀದಿಗೆ ನಾತ ಹೊಡೀತಿತ್ತು. ತಿಂಗಳುಗಟ್ಟಲೆ ಬೆನ್ನಿಗೆ ಹಚ್ಚಿಸಿಕೊಂಡವಳಿಗೆ ಗೊತ್ತಾಗದೆ ಇರುತ್ತಾ? ಚಮಚ ಬೇಡ, ಲೋಟ ಕೊಡು ಅಂದಳಂತಲ್ಲ. ನೀನೇ ಬರೆದದ್ದು ಅದು. ಇನ್ನೊಂದು ಸಲ ಸ್ಕೇಲು ಇಟ್ಟುಕೊಂಡು ಓದು.

ಮೊದಲೇ ಯೋಚಿಸಿ ಮಾಡಿದ್ದಲ್ಲ ಅನ್ಸುತ್ತೆ. ಕೈಗೆ ಬಂತು, ಬೇಡ ಅನ್ನಲಿಲ್ಲ. ಅಮ್ಮನೇ ತಗೊಂಡಳು ಅನ್ನು ಅಂದಳಲ್ಲ, ಅದು ನಿನಗೆ ಸುಳ್ಳು ಕಲಿಸಿದ್ದಲ್ಲ. ನಿಜವನ್ನೇ ಹೇಳಿ ಕಳಿಸಿದ್ದು. ಒಂಬತ್ತು ವರ್ಷದ ನೀನು ಅದನ್ನು ಹಾಗೇ ತಂದು ನಮಗೆ ಹೇಳಿದೆ. ನಾವೇ ನಂಬಲಿಲ್ಲ.

ಇನ್ನೊಂದು ಇದೆ. ಅಪ್ಪ ಹೋಗೋ ಮೊದಲು ನನ್ನ ಕೈ ಹಿಡಿದುಕೊಂಡು, "ಅವಳಿಗೆ ಓದೋಕೆ ಬರ್ತಿತ್ತು ಕಣೋ" ಅಂದರು. ಎರಡು ಸಲ ಅಂದರು. ನಾನು ನಿನ್ನ ವಿಷಯ ಅಂದುಕೊಂಡೆ. ಆ ಹುಡುಗಿಗೆ ಓದೋಕೆ ಬರ್ತಿತ್ತು, ಬೇಕಂತಲೇ ಕೊಟ್ಟಳು ಅಂತ ಹೇಳ್ತಿದ್ದಾರೆ ಅಂದುಕೊಂಡೆ. ಅದು ಸುಳ್ಳು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ನೆಲದ ಮೇಲೆ ಅಕ್ಷರ ನಡೆಸಿದವನು ನಾನು. ಆದರೂ ಒಂದು ನಾಲ್ಕು ದಿನ ನನ್ನ ಬುದ್ಧಿ ಕೆಟ್ಟಿತ್ತು. ಹಾಗೂ ಇರಬಹುದಾ ಅನ್ನಿಸಿಬಿಟ್ಟಿತ್ತು. ಆ ನಾಲ್ಕು ದಿನ ನಿನಗೆ ಹಾಕಬೇಕಾದ ಕಾರ್ಡು ನನ್ನ ಜೇಬಿನಲ್ಲೇ ಇತ್ತು. ಅಂಚೆಯವರದ್ದೇನೂ ತಪ್ಪಿಲ್ಲ.

ಅಪ್ಪ ಹೇಳಿದ್ದು ಅಮ್ಮನ ವಿಷಯ. ಸೀಸೆ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಇಷ್ಟೂ ವರ್ಷ ಅವರು ಅದನ್ನೇ ಯೋಚನೆ ಮಾಡ್ತಿದ್ದರು ಅನ್ಸುತ್ತೆ. ಹೆಂಡತಿ ಹೀಗೆ ಮಾಡಿಕೊಂಡಳು ಅನ್ನೋಕಿಂತ ಮಗಳು ತಪ್ಪಿ ಕೊಟ್ಟಳು ಅನ್ನೋದು ಅವರಿಗೂ ಸುಲಭ ಇತ್ತು. ನನಗೂ ಅದೇ ಸುಲಭ ಇತ್ತು.

ಕ್ಷಮಿಸು ಅಂತ ಬರೆಯೋಕೆ ಮುಖ ಇಲ್ಲ.

ಅಣ್ಣ


ಜುಲೈ ೨೭

ಅಣ್ಣ,

ನಿನ್ನ ಪತ್ರ ಓದೋಕೆ ಒಂದು ದಿನ ಪೂರ್ತಿ ಬೇಕಾಯ್ತು. ಈ ಸಲ ಅಕ್ಷರ ಓಡಾಡಿದ್ದಕ್ಕಲ್ಲ.

ಕಥೆಯನ್ನು ಪ್ರಕಾಶಕರಿಂದ ವಾಪಸ್ ತರಿಸಿಕೊಂಡೆ. ನಿನ್ನ ಮಾತಿಗೆ ಅಲ್ಲ. ಅದು ತಪ್ಪು ಕಥೆ ಅಂತ ಗೊತ್ತಾಯ್ತು, ಅದಕ್ಕೆ. ರೆಕಾರ್ಡರ್ ಮುಂದೆ ಕೂತು ಸರಿ ಮಾಡಿ ಹೇಳೋಕೆ ನೋಡಿದೆ. ಅಮ್ಮ ಸೀಸೆ ಬೆಳಕಿಗೆ ಹಿಡೀತಾಳೆ ಅನ್ನೋವರೆಗೆ ಬರುತ್ತೆ, ಮುಂದಕ್ಕಿಲ್ಲ. ಹಾಕಿ ಕೇಳಿದರೆ ಅರ್ಧ ಗಂಟೆ ಬರೀ ಫ್ಯಾನಿನ ಸದ್ದು.

ನನಗೆ ಹಗುರ ಆಗಿರುತ್ತೆ ಅಂತ ನೀನು ಅಂದುಕೊಂಡಿರಬಹುದು. ಆಗಲಿಲ್ಲ. ನಾನು ಕೊಂದೆ ಅನ್ನೋದು ಮೂವತ್ತಾರು ವರ್ಷದಿಂದ ನನ್ನ ಜೊತೆ ಒಂದೇ ಮನೆಯಲ್ಲಿತ್ತು. ಅದರ ನಡಿಗೆ, ಅದರ ಕೆಮ್ಮು ಎಲ್ಲ ಪರಿಚಯ. ಅದಕ್ಕೆ ಊಟ ಹಾಕಿ, ಅದನ್ನೇ ಮಾರಿ ಬದುಕಿದೆ. ಆ ಕಥೆಯಲ್ಲಿ ಅಮ್ಮ ನನ್ನನ್ನ ಬಿಟ್ಟು ಹೋಗೋಕೆ ಬಯಸಿರಲಿಲ್ಲ. ಈಗ ನೀನು ಆ ಅಮ್ಮನನ್ನ ತೆಗೆದುಕೊಂಡು ಇನ್ನೊಬ್ಬ ಅಮ್ಮನನ್ನ ಕೊಟ್ಟಿದ್ದೀಯ. ಇವಳು ಮಗಳಿಗೆ ಜಾಣೆ ಅಂತ ತಲೆ ಸವರಿ, ಹೊರಗೆ ಹೋಗಿ ಆಡಿಕೋ ಅಂತಾಳೆ. ನಾನು ಹೊರಗೆ ಕುಂಟಾಟ ಆಡೋ ಸದ್ದು ಅವಳಿಗೆ ಕೇಳಿಸ್ತಾ ಇತ್ತು ಅಣ್ಣ. ಇಂಥದ್ದೊಂದು ನಾನು ಐದು ಪುಸ್ತಕದಲ್ಲಿ ಬರೆದಿಲ್ಲ, ನನಗೆ ಧೈರ್ಯ ಸಾಲುತ್ತಿರಲಿಲ್ಲ.

ನಿನ್ನ ಮೇಲೆ ಕೋಪ ಇದೆ. ಕಾರ್ಡಿಗೆ ಕೋಪ ಇದೆ. ಸ್ಟೂಲಿಗೆ ಇಲ್ಲ. ಹದಿನಾಲ್ಕು ವರ್ಷದವನು ಆಟಕ್ಕೆ ಓಡಿದ್ದಕ್ಕೆ ಯಾರು ಕೋಪ ಮಾಡ್ಕೊಳ್ತಾರೆ.

ಒಂದೇ ಒಂದು ಕೇಳ್ತೀನಿ. ನಾನು ಶಾಲೆಯಲ್ಲಿ ಇರ್ತಿದ್ದೆ, ನೀನು ಮನೆಯಲ್ಲಿ ಇರ್ತಿದ್ದೆ. ನನ್ನ ನೆನಪಿನಲ್ಲಿ ಅಮ್ಮ ದಿಂಬಿಗೆ ಒರಗಿಕೊಂಡು ನನ್ನ ಜಡೆ ಹಾಕ್ತಾಳೆ, ಶಾಲೆಯ ಸುದ್ದಿ ಕೇಳ್ತಾಳೆ, ನಗ್ತಾಳೆ. ಅಷ್ಟೇ ಇದೆ ನನ್ನ ಹತ್ತಿರ. ಅಷ್ಟು ನೋವಿತ್ತಾ ಅವಳಿಗೆ? ಹೋಗಲೇಬೇಕು ಅನ್ನುವಷ್ಟು?

ಸುಳ್ಳು ಬರೆಯಬೇಡ. ನನಗೆ ನಿಧಾನ ಆಗಬಹುದು, ಓದೋಕೆ ಬರುತ್ತೆ.

ಇಲಿ


ಆಗಸ್ಟ್ ೫

ಇಲಿ,

ಇತ್ತು.

ಬೆಳಿಗ್ಗೆ ನೀನು ಚೀಲ ಹಾಕಿಕೊಂಡು ಬೀದಿ ತಿರುಗೋವರೆಗೂ ತಡೆದುಕೊಳ್ತಿದ್ದಳು. ಆಮೇಲೆ ದಿಂಬು ಬಾಯಿಗೆ ಕಚ್ಚಿಕೊಂಡು ಕೂಗ್ತಿದ್ದಳು. ನಾನು ಕಾಲು ಹಿಡಿದುಕೊಂಡು ಕೂತಿರ್ತಿದ್ದೆ. ಕೆಲವು ದಿನ ಸಾಯಿಸಿಬಿಡೋ ಅಂತ ನನ್ನನ್ನ ಬೇಡಿಕೊಂಡಿದ್ದಾಳೆ, ಹೆಸರು ಹಿಡಿದು. ಇದನ್ನು ಅಪ್ಪನಿಗೆ ಹೇಳಿಲ್ಲ, ನಿನ್ನ ಅತ್ತಿಗೆಗೂ ಹೇಳಿಲ್ಲ.

ಮೂರೂವರೆ ಆಗ್ತಿದ್ದ ಹಾಗೆ ಗಡಿಯಾರ ನೋಡೋಕೆ ಶುರು ಮಾಡ್ತಿದ್ದಳು. "ಅವಳು ಬರೋ ಹೊತ್ತಾಯ್ತು, ಮುಖ ಒರೆಸು" ಅಂತಿದ್ದಳು. ನಾನು ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಒರೆಸ್ತಿದ್ದೆ. ತಲೆ ಬಾಚ್ತಿದ್ದೆ. ಕಚ್ಚಿದ ಕಡೆ ಕಾಣದ ಹಾಗೆ ದಿಂಬು ಮಗುಚಿ ಇಡ್ತಿದ್ದೆ. ಬೆನ್ನಿಗೆ ಆಸರೆ ಕೊಟ್ಟು ಕೂರಿಸಿದ ಮೇಲೆ, ಈಗ ಸರಿ ಇದ್ದೀನಾ ಅಂತ ಕೇಳ್ತಿದ್ದಳು. ಆಮೇಲೆ ಇಬ್ಬರೂ ಮೆಟ್ಟಿಲ ಮೇಲಿನ ನಿನ್ನ ಚಪ್ಪಲಿ ಸದ್ದಿಗೆ ಕಾಯ್ತಾ ಕೂರ್ತಿದ್ದೆವು.

ಅಣ್ಣ